ಸಾರಾ ಸಿಡನ್ಸ್ ಬದುಕನ್ನು ಒಂದು ಗಂಟೆಯ ರಂಗಪ್ರಯೋಗವಾಗಿ ಕಟ್ಟುವ ಬಗೆ: ಕೊಡಗಿನ ಹವ್ಯಾಸಿ ತಂಡಗಳಿಗಾಗಿ

ಕೊಡಗಿನ ಕಾಲೇಜುಗಳಲ್ಲೂ ಹವ್ಯಾಸಿ ತಂಡಗಳಲ್ಲೂ ಏಕವ್ಯಕ್ತಿ ಪ್ರದರ್ಶನ ಮಾಡುವ ಹಂಬಲವಿರುವ ನಟಿಯರಿದ್ದಾರೆ. ಅವರಲ್ಲಿ ಹೆಚ್ಚಿನವರು ಪುರಾಣದ ಸ್ತ್ರೀಪಾತ್ರವೊಂದನ್ನು ಆರಿಸಿಕೊಂಡು, ದುಃಖ ತೋಡಿಕೊಳ್ಳುವ ಸ್ವಗತದಲ್ಲಿಯೇ ಇಡೀ ಪ್ರಯೋಗವನ್ನು ಮುಗಿಸಿಬಿಡುತ್ತಾರೆ. ಅದರ ಬದಲು, ಅಭಿನಯವನ್ನೇ ಹೊಟ್ಟೆಪಾಡಾಗಿಯೂ ಸಾಧನೆಯಾಗಿಯೂ ಮಾಡಿಕೊಂಡ ಹೆಣ್ಣೊಬ್ಬಳ ಬದುಕನ್ನು ರಂಗಕ್ಕೆ ತಂದರೆ ನಟಿಗೆ ಕೈತುಂಬ ಕೆಲಸ ಸಿಗುತ್ತದೆ. ಈ ಉದ್ದೇಶಕ್ಕೆ ನಾನು ಸೂಚಿಸುವುದು 1755ರಿಂದ 1831ರವರೆಗೆ ಬದುಕಿದ್ದ, ಇಂಗ್ಲಿಷ್ ರಂಗಭೂಮಿಯ ಅತಿ ದೊಡ್ಡ ದುರಂತ ನಟಿ ಎನಿಸಿಕೊಂಡ ಸಾರಾ ಸಿಡನ್ಸ್‌ಳನ್ನು. ಆಕೆಯ ಕಾಲದಲ್ಲಿ ದನಿ ಹಿಡಿದಿಡುವ ಯಂತ್ರವಾಗಲಿ, ಛಾಯಾಚಿತ್ರವಾಗಲಿ ಇರಲಿಲ್ಲ. ಆದರೆ ಆಕೆಯ ಅಭಿನಯ ಕಂಡವರು ಕೈ ಎಲ್ಲಿತ್ತು, ನೋಟ ಎತ್ತ ಹೊರಳಿತು, ದನಿ ಯಾವ ಮಾತಿಗೆ ಇಳಿಯಿತು ಎಂಬುದನ್ನು ಬರೆದಿಟ್ಟಿದ್ದಾರೆ, ಆಕೆಯೂ ತನ್ನ ಮುಖ್ಯ ಪಾತ್ರವಾದ, ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಲೇಡಿ ಮ್ಯಾಕ್‌ಬೆತ್ ಕುರಿತು ಬರೆದಿದ್ದಾಳೆ. ಹೀಗಾಗಿ ಇನ್ನೂರು ವರ್ಷ ಕಳೆದರೂ ಆ ಅಭಿನಯದ ಒಂದಿಷ್ಟು ಭಾಗವನ್ನು ಇವತ್ತಿನ ನಟಿ ತನ್ನ ಮೈಯಿಂದಲೇ ಕಲಿಯಬಹುದು.

ಪ್ರಯೋಗ ಕಟ್ಟುವಾಗ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹುಟ್ಟಿದಳು, ಮದುವೆಯಾದಳು, ಹೆಸರು ಮಾಡಿದಳು, ತೀರಿಕೊಂಡಳು ಎಂದು ಸಾಲಾಗಿ ಹೇಳಿಕೊಂಡು ಹೋದರೆ ಅದು ಭಾಷಣವಾಗುತ್ತದೆ. ಸಿಡನ್ಸ್ ರಂಗದ ಮೇಲೆ ತೆಗೆದುಕೊಂಡ ತೀರ್ಮಾನಗಳನ್ನು ನಟಿ ಪ್ರೇಕ್ಷಕರ ಕಣ್ಣೆದುರು ಮಾಡಿ ತೋರಿಸಬೇಕು. ಬದುಕಿನ ಸಂಗತಿಗಳು ಆ ತೀರ್ಮಾನಗಳಿಗೆ ಹಿನ್ನೆಲೆಯಾಗಿ ಬರಬೇಕು. ಇದಕ್ಕೆ ಒಬ್ಬ ನಟಿ, ಒಬ್ಬ ನಿರೂಪಕ ಅಥವಾ ನಿರೂಪಕಿ, ಒಂದು ಮೇಜು, ಒಂದು ಕುರ್ಚಿ, ಮೇಣದಬತ್ತಿಯ ಸ್ಟ್ಯಾಂಡು, ದೊಡ್ಡದೊಂದು ಬಿಳಿ ಬಟ್ಟೆ ಇದ್ದರೆ ಸಾಕು.

ಬದುಕಿನ ವಿವರವನ್ನು ಹೊಂದಿಸಿಕೊಳ್ಳುವುದು

ಒಂದು ನೋಟ್‌ಪುಸ್ತಕದ ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ರಂಗದ ಸಂಗತಿಗಳನ್ನೂ ಬಲಗಡೆ ಮನೆಯ ಸಂಗತಿಗಳನ್ನೂ ಇಸವಿಯ ಪ್ರಕಾರ ಬರೆದುಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಈ ಬದುಕಿನ ನಿಜವಾದ ಒತ್ತಡ ಕಾಣುತ್ತದೆ. ವೇಲ್ಸಿನ ಬ್ರೆಕನ್ ಎಂಬ ಊರಿನ ಒಂದು ಹೋಟೆಲಿನಲ್ಲಿ 1755ರ ಜುಲೈ 5ರಂದು ಆಕೆ ಹುಟ್ಟಿದಳು. ತಂದೆ ರಾಜರ್ ಕೆಂಬಲ್ ಊರೂರು ತಿರುಗುವ ನಾಟಕ ಕಂಪನಿಯೊಂದರ ಯಜಮಾನ. ಒಡಹುಟ್ಟಿದವರಲ್ಲಿ ಜಾನ್ ಫಿಲಿಪ್ ಕೆಂಬಲ್ ಮುಂದೆ ಲಂಡನ್ನಿನ ದೊಡ್ಡ ನಟನೂ ರಂಗಮಂದಿರದ ವ್ಯವಸ್ಥಾಪಕನೂ ಆದ. ಕಂಪನಿಯ ನಟ ವಿಲಿಯಂ ಸಿಡನ್ಸ್‌ನನ್ನು ಆಕೆ ಇಷ್ಟಪಟ್ಟಾಗ ಹೆತ್ತವರು ಒಪ್ಪಲಿಲ್ಲ. ಮಗಳನ್ನು ವಾರಿಕ್‌ಷೈರಿನ ಶ್ರೀಮಂತರ ಮನೆಯೊಂದಕ್ಕೆ ಊಳಿಗಕ್ಕೆ ಕಳಿಸಿದರು. ಕೊನೆಗೆ 1773ರಲ್ಲಿ ಮದುವೆಯಾಯಿತು. ಇಷ್ಟನ್ನು ನಿರೂಪಕ ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಬೇಕು. ಕಂಪನಿ ನಾಟಕಗಳ ಬದುಕನ್ನು ಕೇಳಿ ಬಲ್ಲ ನಮ್ಮ ಪ್ರೇಕ್ಷಕರಿಗೆ, ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ ಪರದೆ ಹೇರಿಕೊಂಡು ಊರು ಬದಲಿಸುವ ಕುಟುಂಬದ ಕಷ್ಟವನ್ನು ವಿವರಿಸುವ ಅಗತ್ಯವಿಲ್ಲ.

ನಿಲ್ಲಬೇಕಾದ ಜಾಗ 1775ರ ಡಿಸೆಂಬರ್ 29. ಆ ಕಾಲದ ಅತಿ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್ ಆಕೆಯನ್ನು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ಕರೆಸಿಕೊಂಡಿದ್ದ; ಆ ರಾತ್ರಿ ಆಕೆ ಶೇಕ್ಸ್‌ಪಿಯರ್‌ನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಪೋರ್ಷಿಯಾ ಪಾತ್ರದಲ್ಲಿ ಮೊದಲ ಬಾರಿಗೆ ಲಂಡನ್ ಪ್ರೇಕ್ಷಕರ ಮುಂದೆ ನಿಂತಳು, ಸೋತಳು. ದನಿ ನಡುಗಿತು, ಮಾತು ಹಿಂದಿನ ಸಾಲುಗಳವರೆಗೆ ತಲುಪಲಿಲ್ಲ. ಎಡಗಡೆಯ ಹಾಳೆಯನ್ನಷ್ಟೇ ಓದಿದವರು ಇದನ್ನು ಅನುಭವದ ಕೊರತೆ ಎಂದು ಬರೆದುಬಿಡುತ್ತಾರೆ. ಬಲಗಡೆ ನೋಡಿ: ಆಕೆಯ ಎರಡನೆಯ ಮಗು ಸ್ಯಾಲಿ ಹುಟ್ಟಿದ್ದು ಅದೇ ನವೆಂಬರ್ ತಿಂಗಳ ಮೊದಲ ವಾರದಲ್ಲಿ. ಬಾಣಂತನ ಮುಗಿಯುವ ಮೊದಲೇ ಆ ಹೆಣ್ಣು ಅಷ್ಟು ದೊಡ್ಡ ರಂಗಮಂದಿರದಲ್ಲಿ ದನಿ ಎತ್ತಬೇಕಾಗಿತ್ತು. 1776ರಲ್ಲಿ ಗ್ಯಾರಿಕ್ ನಿವೃತ್ತನಾದ. ಬರ್ಮಿಂಗ್‌ಹ್ಯಾಮಿನಲ್ಲಿ ಅಭಿನಯಿಸುತ್ತಿದ್ದ ಆಕೆಗೆ, ಇನ್ನು ನಿಮ್ಮ ಸೇವೆ ಬೇಕಿಲ್ಲ ಎಂಬ ಕಾಗದ ಡ್ರೂರಿ ಲೇನಿನಿಂದ ಬಂತು. ಈ ಕಾಗದ ಓದುವ ದೃಶ್ಯಕ್ಕೆ ಅಳು ಬೇಡ. ನಟಿ ಅದನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟು, ಮುಂದಿನ ಪಾತ್ರದ ಮಾತುಗಳನ್ನು ಬಾಯಿಪಾಠ ಮಾಡಲು ಕುಳಿತುಕೊಳ್ಳಲಿ. ಆಕೆ ಮಾಡಿದ್ದೂ ಅದನ್ನೇ. ಮ್ಯಾಂಚೆಸ್ಟರ್, ಯಾರ್ಕ್, ಬಾತ್, ಬ್ರಿಸ್ಟಲ್ ಎಂದು ಆರು ವರ್ಷ ಪ್ರಾಂತ್ಯದ ರಂಗಮಂದಿರಗಳಲ್ಲಿ ದುಡಿದು, ಒಂದರ ಹಿಂದೆ ಒಂದರಂತೆ ಪಾತ್ರಗಳನ್ನು ಕಲಿತಳು.

1782ರಲ್ಲಿ ಬಾತ್ ನಗರವನ್ನು ಬಿಡುವಾಗ, ತಾನು ಹೋಗುತ್ತಿರುವುದಕ್ಕೆ ಮೂರು ಕಾರಣಗಳಿವೆ ಎಂದು ಹೇಳಿ ತನ್ನ ಮೂವರು ಮಕ್ಕಳನ್ನು ರಂಗದ ಮೇಲೆ ಕರೆತಂದು ನಿಲ್ಲಿಸಿದಳು. ಪ್ರಾಂತ್ಯದ ಸಂಬಳದಲ್ಲಿ ಸಂಸಾರ ಸಾಗುವುದಿಲ್ಲ ಎಂಬ ಲೆಕ್ಕಾಚಾರವನ್ನು ಇಷ್ಟು ನೇರವಾಗಿ ಪ್ರೇಕ್ಷಕರ ಮುಂದಿಟ್ಟ ನಟಿಯರು ಕಡಿಮೆ. ಇಲ್ಲಿ ಇನ್ನೊಂದು ಸಂಗತಿಯನ್ನು ನಿರೂಪಕ ತಪ್ಪದೆ ಹೇಳಬೇಕು: ಆ ಕಾಲದ ಇಂಗ್ಲೆಂಡಿನ ಕಾನೂನಿನಂತೆ ಮದುವೆಯಾದ ಹೆಣ್ಣಿನ ಗಳಿಕೆ ಗಂಡನಿಗೆ ಸೇರುತ್ತಿತ್ತು. ನಟನಾಗಿ ಹೆಸರು ಮಾಡದ ವಿಲಿಯಂ ಸಿಡನ್ಸ್ ತನ್ನ ಹೆಂಡತಿ ದುಡಿದ ಹಣದ ಒಡೆಯನಾಗಿದ್ದ. ಅದೇ ವರ್ಷದ ಅಕ್ಟೋಬರ್ 10ರಂದು ಆಕೆ ಡ್ರೂರಿ ಲೇನಿಗೆ ಮರಳಿ, ಇಸಬೆಲ್ಲಾ ಎಂಬ ದುರಂತ ಪಾತ್ರದಲ್ಲಿ ಕಾಣಿಸಿಕೊಂಡಾಗ ಜನ ಎದೆ ಒಡೆದು ಅತ್ತರು. ನಾಟಕದಲ್ಲಿ ಇಸಬೆಲ್ಲಾಳ ಮಗುವಾಗಿ ಅಭಿನಯಿಸಿದವನು ಆಕೆಯ ಹಿರಿಯ ಮಗ ಹೆನ್ರಿ. ತಾಲೀಮಿನಲ್ಲಿ ತಾಯಿ ಸಾಯುವ ದೃಶ್ಯ ಕಂಡು, ನಿಜವೆಂದು ಭ್ರಮಿಸಿ ಆ ಹುಡುಗ ಬಿಕ್ಕಿಬಿಕ್ಕಿ ಅತ್ತನಂತೆ. ಪ್ರಯೋಗದಲ್ಲಿ ಮಗುವನ್ನು ತರುವುದು ಬೇಡ, ಈ ಮಾತೊಂದು ಸಾಕು.

ಯಾವುದನ್ನು ಬಿಡಬೇಕು ಎಂಬುದೂ ಮುಖ್ಯ. ಚಿತ್ರಕಾರ ಥಾಮಸ್ ಲಾರೆನ್ಸ್ ಆಕೆಯ ಇಬ್ಬರು ಹೆಣ್ಣುಮಕ್ಕಳ ನಡುವೆ ಮನಸ್ಸು ಬದಲಿಸುತ್ತಾ ಹೋದ ಕಥೆ ತುಂಬಾ ಆಕರ್ಷಕವಾಗಿ ಕಾಣುತ್ತದೆ. ಅದನ್ನು ಒಳಗೆ ಬಿಟ್ಟರೆ ಅದೇ ನಾಟಕವಾಗಿ ಬೆಳೆದು, ಸಿಡನ್ಸ್ ತಾಯಿಯಾಗಿ ಮಾತ್ರ ಉಳಿಯುತ್ತಾಳೆ. ಮಗಳು ಮರಿಯಾ 1798ರಲ್ಲಿ, ಸ್ಯಾಲಿ 1803ರಲ್ಲಿ ತೀರಿಕೊಂಡರು ಎಂಬುದನ್ನು ನಿರೂಪಕ ಇಸವಿಯೊಂದಿಗೆ ಹೇಳಿ ಸುಮ್ಮನಾಗಲಿ. ಆದರೆ 1784ರ ಘಟನೆಯನ್ನು ಬಿಡಬಾರದು. ಡಬ್ಲಿನ್‌ನಲ್ಲಿ ಸಹನಟರ ಸಹಾಯಾರ್ಥ ಪ್ರದರ್ಶನದ ವಿಷಯದಲ್ಲಿ ಜಿಪುಣತನ ತೋರಿದಳೆಂಬ ಸುದ್ದಿ ಹಬ್ಬಿ, ಆ ಅಕ್ಟೋಬರಿನಲ್ಲಿ ಡ್ರೂರಿ ಲೇನಿನ ಪ್ರೇಕ್ಷಕರು ಆಕೆಯನ್ನು ಕೂಗಿ ಹೀಯಾಳಿಸಿದರು. ರಂಗದಿಂದ ಒಳಗೆ ಹೋಗಬೇಕಾಗಿ ಬಂದ ಆಕೆ ಮತ್ತೆ ಒಬ್ಬಳೇ ಬಂದು ನಿಂತು ತನ್ನ ಮಾತು ಹೇಳಿ, ನಾಟಕ ಮುಂದುವರಿಸಿದಳು. ದುಡಿಯುವ ಹೆಣ್ಣನ್ನು ದುಡ್ಡಿನ ಆಸೆಯವಳೆಂದು ಜರೆಯುವ ಚಟ ಎಲ್ಲ ಕಾಲಕ್ಕೂ ಇದ್ದದ್ದೇ ಆದ್ದರಿಂದ, ನಮ್ಮ ಊರಿನ ಹೆಣ್ಣುಮಕ್ಕಳು ಈ ದೃಶ್ಯವನ್ನು ಯಾರ ವಿವರಣೆಯೂ ಇಲ್ಲದೆ ಅರ್ಥಮಾಡಿಕೊಳ್ಳುತ್ತಾರೆ.

ಕೊಡಗಿನ ಪ್ರೇಕ್ಷಕರಿಗೆ ಆ ಕಾಲವನ್ನು ಹತ್ತಿರ ತರುವುದು

ಸಿಡನ್ಸ್‌ಳನ್ನು ಕೊಡಗಿಗೆ ಕರೆತಂದು ಸೀರೆ ಉಡಿಸುವ ಅಗತ್ಯವಿಲ್ಲ. ಹಾಗೆ ಮಾಡಿದರೆ ಆಕೆಯ ಬದುಕೂ ನಮ್ಮ ನೆಲವೂ ಎರಡೂ ಹುಸಿಯಾಗುತ್ತವೆ. ಇಸವಿಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು. ಆಕೆ ಲಂಡನ್ನಿನಲ್ಲಿ ಕೀರ್ತಿಯ ತುದಿಯಲ್ಲಿದ್ದ 1788ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಟಿಪ್ಪು ಸುಲ್ತಾನನ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ. ಆಕೆ ರಂಗದಿಂದ ನಿವೃತ್ತಳಾದ 1812ರ ಹೊತ್ತಿಗೆ ಲಿಂಗರಾಜೇಂದ್ರ ಮಡಿಕೇರಿ ಕೋಟೆಯೊಳಗೆ ಅರಮನೆ ಕಟ್ಟಿಸುತ್ತಿದ್ದ. ಆಕೆ ತೀರಿಕೊಂಡ ಮೂರು ವರ್ಷಕ್ಕೆ, 1834ರಲ್ಲಿ, ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆಕೆಯ ಮಗ ಜಾರ್ಜ್ ಅದೇ ಕಂಪನಿಯ ನೌಕರಿ ಹಿಡಿದು ಬಂಗಾಳಕ್ಕೆ ಬಂದಿದ್ದ. ಮಡಿಕೇರಿಯ ಅರಮನೆಯನ್ನು ದಿನವೂ ನೋಡುವವರಿಗೆ ಈ ನಾಲ್ಕು ಮಾತು ಆ ಕಾಲದ ಅಳತೆಯನ್ನು ಕೊಡುತ್ತವೆ. ಸಿಡನ್ಸ್ ಪ್ರಾಂತ್ಯದ ರಂಗಮಂದಿರಗಳಲ್ಲಿ ಹ್ಯಾಮ್ಲೆಟ್‌ನ ಪಾತ್ರವನ್ನೂ ಮಾಡಿದ್ದಳು. ಇದನ್ನು ಹೇಳುವಾಗ, 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಕಂಸ, ಭೀಮರ ಪಾತ್ರಗಳಲ್ಲಿ ಮೆರೆದ ಆರ್. ನಾಗರತ್ನಮ್ಮನವರನ್ನು ನೆನೆಯದೆ ಇರುವುದು ತಪ್ಪಾಗುತ್ತದೆ.

ನಮ್ಮ ಸಭಾಂಗಣದಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ತುಳು ಮತ್ತು ಮಲಯಾಳಂ ಮಾತಾಡುವವರು ಒಟ್ಟಿಗೆ ಕೂತಿರುತ್ತಾರೆ. ಆದ್ದರಿಂದ ನಿರೂಪಣೆಯ ಕನ್ನಡ ಸಮಾಸಗಳಿಂದ ಭಾರವಾಗಬಾರದು. ಬರೆದುಕೊಂಡ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿ, ಒಂದೇ ಉಸಿರಿಗೆ ಒಗ್ಗದ್ದನ್ನು ಒಡೆಯಬೇಕು. ಲೇಡಿ ಮ್ಯಾಕ್‌ಬೆತ್‌ಳ ಮಾತುಗಳಿಗೆ ಡಿ.ವಿ.ಜಿ. ಅವರ ಅನುವಾದವೂ ರಾಮಚಂದ್ರ ದೇವ ಅವರ ಅನುವಾದವೂ ಕನ್ನಡದಲ್ಲಿವೆ. ಅನುವಾದಕರ ಮರಣದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ, ಇವುಗಳಲ್ಲಿ ಯಾವುದನ್ನು ಬಳಸಿದರೂ ಹಕ್ಕುದಾರರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಮೂಲ ನಾಟಕಕ್ಕಾಗಲಿ, ಸಿಡನ್ಸ್ ಬರೆದ ಟಿಪ್ಪಣಿಗಾಗಲಿ ಈ ನಿರ್ಬಂಧವಿಲ್ಲ. ತಂಡದಲ್ಲಿ ಬಲ್ಲವರಿದ್ದರೆ ಬೇಕಾದ ಸಾಲುಗಳನ್ನು ತಾವೇ ಕನ್ನಡಿಸಿಕೊಳ್ಳುವುದು ಉತ್ತಮ.

ಮೇಣದಬತ್ತಿಯ ದೃಶ್ಯ: ಪ್ರಯೋಗದ ಹೃದಯ

ಒಂದು ಗಂಟೆಯಲ್ಲಿ ಅರ್ಧದಷ್ಟನ್ನು ಲೇಡಿ ಮ್ಯಾಕ್‌ಬೆತ್‌ಗೆ ಮೀಸಲಿಡಿ. ಗಂಡನನ್ನು ರಾಜನ ಕೊಲೆಗೆ ಹುರಿದುಂಬಿಸಿದ ಈಕೆ ಕೊನೆಯಲ್ಲಿ ನಿದ್ದೆಯಲ್ಲೇ ನಡೆಯುತ್ತಾ, ಕೈಗೆ ಅಂಟಿದೆಯೆಂದುಕೊಂಡ ರಕ್ತವನ್ನು ತೊಳೆಯುತ್ತಾಳೆ. ಪ್ರಯೋಗವನ್ನು ಶುರುಮಾಡಬೇಕಾದದ್ದೂ ಈ ಪಾತ್ರದಿಂದಲೇ. ಇಪ್ಪತ್ತರ ಹರೆಯದಲ್ಲಿ ಈ ಪಾತ್ರವನ್ನು ಮೊದಲು ಕಲಿತ ರಾತ್ರಿಯ ಬಗ್ಗೆ ಸಿಡನ್ಸ್ ಬರೆದಿದ್ದಾಳೆ. ಮನೆಯವರೆಲ್ಲ ಮಲಗಿದ ಮೇಲೆ ಒಬ್ಬಳೇ ಕುಳಿತು ಓದುವುದು ಆಕೆಯ ರೂಢಿ. ಕೊಲೆಯ ದೃಶ್ಯಕ್ಕೆ ಬಂದಾಗ ಭಯ ಹೆಚ್ಚಿ, ಮೇಣದಬತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡಿದಳು. ತನ್ನದೇ ರೇಷ್ಮೆ ಉಡುಪಿನ ಸರಸರ ಸದ್ದು ದೆವ್ವ ಬೆನ್ನಟ್ಟಿದಂತೆ ಕೇಳಿತು. ಕೋಣೆ ಸೇರಿ, ದೀಪ ಆರಿಸುವ ಧೈರ್ಯವೂ ಇಲ್ಲದೆ ಅದನ್ನು ಮೇಜಿನ ಮೇಲಿಟ್ಟು, ಉಟ್ಟ ಬಟ್ಟೆಯಲ್ಲೇ ಹಾಸಿಗೆ ಸೇರಿದಳು. ಈ ಪ್ರಸಂಗವನ್ನು ನಟಿ ಹೇಳುತ್ತಾ ಮಾಡಬೇಕು. ಸಭಾಂಗಣದ ದೀಪಗಳನ್ನೆಲ್ಲ ತಗ್ಗಿಸಿ, ಬತ್ತಿಯ ಬೆಳಕಿಗೆ ತಕ್ಕಷ್ಟು ಮಾತ್ರ ಸ್ಪಾಟ್ ಕೊಟ್ಟರೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮನೆಗಳಲ್ಲಿ ಕಳೆದ ನಮ್ಮ ಜನರಿಗೆ ಆ ಮೆಟ್ಟಿಲು, ಆ ನೆರಳು ತಾನಾಗಿ ಕಾಣುತ್ತವೆ.

ಲಂಡನ್ನಿನಲ್ಲಿ ಈ ಪಾತ್ರವನ್ನು ಆಕೆ ಮೊದಲು ಮಾಡಿದ್ದು 1785ರ ಫೆಬ್ರವರಿ 2ರಂದು. ಅದಕ್ಕೂ ಹಿಂದಿನ ಪ್ರಸಿದ್ಧ ಲೇಡಿ ಮ್ಯಾಕ್‌ಬೆತ್ ಆಗಿದ್ದ ಶ್ರೀಮತಿ ಪ್ರಿಚರ್ಡ್ ನಿದ್ದೆಯಲ್ಲಿ ನಡೆಯುವ ದೃಶ್ಯದುದ್ದಕ್ಕೂ ಬತ್ತಿಯನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ; ಅದೇ ಸಂಪ್ರದಾಯವಾಗಿತ್ತು. ಸಿಡನ್ಸ್ ಅದನ್ನು ಮೇಜಿನ ಮೇಲಿಡಲು ತೀರ್ಮಾನಿಸಿದಳು. ಪ್ರದರ್ಶನಕ್ಕೆ ಮೊದಲು ರಂಗಮಂದಿರದ ಒಡೆಯ ಶೆರಿಡನ್ ಆಕೆಯ ಪ್ರಸಾಧನದ ಕೋಣೆಗೇ ಬಂದು, ಜನ ಒಪ್ಪುವುದಿಲ್ಲ, ಬತ್ತಿಯನ್ನು ಬಿಡಬೇಡಿ ಎಂದು ಕೇಳಿಕೊಂಡ. ಕೈಯಲ್ಲಿ ಬತ್ತಿ ಹಿಡಿದು ರಕ್ತದ ಕಲೆಯನ್ನು ತೊಳೆದುಕೊಳ್ಳುವುದು ಹೇಗೆ ಎಂಬುದೇ ಆಕೆಯ ವಾದ. ಪಟ್ಟು ಬಿಡಲಿಲ್ಲ, ಪ್ರದರ್ಶನ ಮುಗಿದ ಮೇಲೆ ಶೆರಿಡನ್ನೇ ಬಂದು ಅಭಿನಂದಿಸಿದ. ಒಂದು ಪರಿಕರವನ್ನು ಕೆಳಗಿಡುವುದರಲ್ಲಿ ಎಷ್ಟು ದೊಡ್ಡ ವಿಚಾರವಿದೆ ಎಂಬುದನ್ನು ನೋಡಿ: ಎರಡು ಕೈ ಬಿಡುವಾದೊಡನೆ ಪಾತ್ರದ ತಪ್ಪಿತಸ್ಥ ಮನಸ್ಸು ಬೆರಳುಗಳಿಗೆ ಇಳಿಯಿತು.

ಇದನ್ನು ತಾಲೀಮಿನಲ್ಲಿ ಹೀಗೆ ಕಲಿಯಿರಿ. ಮೊದಲು ದೃಶ್ಯವನ್ನು ಪೂರ್ತಿಯಾಗಿ ಬತ್ತಿ ಹಿಡಿದುಕೊಂಡೇ ಮಾಡಿಸಿ. ನಟಿಗೆ ಎಲ್ಲಿ ಕೈ ಕಟ್ಟಿದಂತಾಗುತ್ತದೆ ಎಂಬುದು ಅವಳಿಗೇ ತಿಳಿಯಲಿ. ಆಮೇಲೆ ಮೇಜಿನ ಮೇಲೆ ನಿಜವಾದ ಬೋಗುಣಿಯಲ್ಲಿ ತಣ್ಣೀರಿಟ್ಟು ಕೈ ತೊಳೆಸಿ. ಮಳೆಗಾಲದ ಮಡಿಕೇರಿಯ ತಣ್ಣೀರು ಬಿದ್ದಾಗ ಹೆಗಲು ಹೇಗೆ ಸೆಟೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಒಂದು ಕೈ ಇನ್ನೊಂದನ್ನು ಎಷ್ಟು ಒತ್ತಿ ಉಜ್ಜುತ್ತದೆ, ನೀರು ಮೊಣಕೈಯವರೆಗೆ ಜಾರದಂತೆ ಅಂಗೈ ಹೇಗೆ ತಗ್ಗುತ್ತದೆ ಎಂಬುದನ್ನು ಅವಳು ಗಮನಿಸಲಿ. ಬಳಿಕ ಬೋಗುಣಿ ತೆಗೆದುಬಿಡಿ, ಮೈಗೆ ತಿಳಿದದ್ದು ಮಾತ್ರ ಉಳಿಯಲಿ. ಸಿಡನ್ಸ್ ಕಾಣದ ಹೂಜಿಯಿಂದ ನೀರು ಮೊಗೆದು ಕೈಮೇಲೆ ಸುರಿದುಕೊಳ್ಳುವಂತೆ ಅಭಿನಯಿಸುತ್ತಿದ್ದಳು, ಮೈ ಬಾಗಿಸಿ ಏನನ್ನೋ ಆಲಿಸುತ್ತಿದ್ದಳು ಎಂದು ನೋಡಿದವರು ಬರೆದಿದ್ದಾರೆ. ಕಣ್ಣು ತೆರೆದಿರಬೇಕು, ಆದರೆ ಎದುರಿನ ಯಾವುದನ್ನೂ ಕಾಣಬಾರದು. ಇದಕ್ಕೆ ನಟಿ ಸಭಾಂಗಣದ ಹಿಂಬದಿ ಗೋಡೆಗಿಂತ ದೂರದಲ್ಲಿ ನೋಟ ನೆಟ್ಟು, ರೆಪ್ಪೆ ಬಡಿಯುವುದನ್ನು ಕಡಿಮೆ ಮಾಡಿ ಅಭ್ಯಾಸ ಮಾಡಬೇಕು. ಉಡುಪು ಬಿಳಿಯದಾಗಿರಲಿ; ಸಿಡನ್ಸ್ ಈ ದೃಶ್ಯದಲ್ಲಿ ಹೆಣದ ಹೊದಿಕೆಯನ್ನು ನೆನಪಿಸುವ ಬಿಳಿ ಬಟ್ಟೆ ಹೊದ್ದಿದ್ದಳು.

ಇನ್ನೊಂದು ಅಭ್ಯಾಸ ದನಿಯದು. ಕೊಲೆಗೆ ಮೊದಲು ಮ್ಯಾಕ್‌ಬೆತ್ ಹಿಂಜರಿದು, ನಾವು ಸೋತರೆ ಏನು ಗತಿ ಎಂದು ಕೇಳಿದಾಗ ಲೇಡಿ ಮ್ಯಾಕ್‌ಬೆತ್ ಕೊಡುವ ಉತ್ತರ ತೀರಾ ಚಿಕ್ಕದು. ಸಿಡನ್ಸ್ ಅದನ್ನು ಬೇರೆ ಬೇರೆ ಕಾಲದಲ್ಲಿ ಮೂರು ರೀತಿ ಹೇಳಿ ನೋಡಿದಳು: ಮೊದಲು ತಿರಸ್ಕಾರದ ಪ್ರಶ್ನೆಯಾಗಿ, ಆಮೇಲೆ, ನಮ್ಮಂಥವರು ಸೋಲುವುದುಂಟೇ ಎಂಬ ಬೆರಗಿನಿಂದ, ಕೊನೆಗೆ ಯಾವ ಉದ್ವೇಗವೂ ಇಲ್ಲದೆ, ದನಿ ಇಳಿಸಿ, ಸೋತರೆ ಸೋತೆವು, ಅಲ್ಲಿಗೆ ಮುಗಿಯಿತು ಎಂಬ ಗಟ್ಟಿತನದಿಂದ. ಆಕೆ ಉಳಿಸಿಕೊಂಡದ್ದು ಮೂರನೆಯದನ್ನು. ಪ್ರಯೋಗದಲ್ಲಿ ಈ ಮೂರನ್ನೂ ಪ್ರೇಕ್ಷಕರ ಮುಂದೆ ಒಂದರ ನಂತರ ಒಂದು ಹೇಳಿ ತೋರಿಸಬೇಕು, ನಡುವೆ ನಿರೂಪಕ ಬಾಯಿ ಹಾಕಬಾರದು. ಒಬ್ಬ ನಟಿ ವರ್ಷಗಳ ಕಾಲ ಒಂದೇ ಮಾತಿನ ಬೆನ್ನು ಬಿದ್ದು, ತನ್ನನ್ನೇ ತಿದ್ದಿಕೊಂಡು, ಹೆಚ್ಚು ಗದ್ದಲದಿಂದ ಕಡಿಮೆ ಗದ್ದಲದ ಕಡೆಗೆ ಬಂದಳು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಕಾಣದು. ಸಿಡನ್ಸ್‌ಳ ಟಿಪ್ಪಣಿಯಲ್ಲಿ ಇನ್ನೊಂದು ವಿಚಾರವಿದೆ. ತಾನು ಗಟ್ಟಿಮುಟ್ಟಾದ, ಎತ್ತರದ ನಿಲುವಿನ ಹೆಂಗಸಾಗಿದ್ದರೂ, ಲೇಡಿ ಮ್ಯಾಕ್‌ಬೆತ್‌ಳನ್ನು ಆಕೆ ಬೆಳ್ಳನೆಯ, ಕೋಮಲವಾದ, ಬಹುಶಃ ಬಡಕಲಾದ ಹೆಣ್ಣೆಂದು ಕಲ್ಪಿಸಿಕೊಂಡಿದ್ದಳು. ನಿಮ್ಮ ನಟಿ ಸಣ್ಣ ಮೈಕಟ್ಟಿನವಳಾದರೆ ಈ ಮಾತು ಅವಳಿಗೆ ಧೈರ್ಯ ಕೊಡುತ್ತದೆ.

ದೃಶ್ಯದ ಬಿಗಿ ಸಡಿಲಿಸಲು ಪ್ರಸಾಧನದ ಕೋಣೆಯ ಪ್ರಸಂಗವನ್ನು ಬಳಸಿ. ಪ್ರದರ್ಶನದ ನಂತರ ಉಡುಪು ಬದಲಿಸುತ್ತಾ ಸಿಡನ್ಸ್ ರಕ್ತದ ವಾಸನೆಯ ಮಾತನ್ನು ತನ್ನಷ್ಟಕ್ಕೆ ಮತ್ತೆ ಹೇಳಿಕೊಂಡಾಗ, ಉಡುಪು ತೊಡಿಸುವ ಹೆಂಗಸು ಗಾಬರಿಯಾಗಿ, ಅಮ್ಮಾ, ಅದು ರಕ್ತವಲ್ಲ, ಬಣ್ಣ ಕಲಸಿದ ನೀರು, ಪರಿಕರದವನು ಕಲಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಸಮಾಧಾನ ಹೇಳಿದಳಂತೆ. ನಿರೂಪಕಿ ಹೆಂಗಸಾಗಿದ್ದರೆ ಈ ಪಾತ್ರವನ್ನು ಅವಳೇ ಮಾಡಲಿ.

ಸಭಾಂಗಣ, ದನಿ ಮತ್ತು ಕಾಲ

1794ರಲ್ಲಿ ಡ್ರೂರಿ ಲೇನ್ ರಂಗಮಂದಿರವನ್ನು ಸುಮಾರು 3,600 ಜನ ಕೂರುವಷ್ಟು ದೊಡ್ಡದಾಗಿ ಮರಳಿ ಕಟ್ಟಿದರು. ಅಷ್ಟು ದೂರದಿಂದ ಮುಖದ ಸಣ್ಣ ಭಾವ ಯಾರಿಗೂ ಕಾಣದು; ಹೀಗಾಗಿ ಸಿಡನ್ಸ್ ನಿಲುವು, ಕೈಚಲನೆ, ದನಿ ಎಲ್ಲವನ್ನೂ ಹಿಗ್ಗಿಸಬೇಕಾಯಿತು. ನಮ್ಮ ಕಾಲೇಜು ಸಭಾಂಗಣಗಳಲ್ಲಿ ಆ ಹಿಗ್ಗಿದ ಅಭಿನಯವನ್ನು ಹಾಗೆಯೇ ಮಾಡಿದರೆ ಅಬ್ಬರವಾಗುತ್ತದೆ. ಒಂದೇ ಒಂದು ಸಾಲನ್ನು ದೊಡ್ಡ ರಂಗಮಂದಿರದ ರೀತಿಯಲ್ಲಿ ತೋರಿಸಿ, ಉಳಿದದ್ದನ್ನು ಬಾತ್ ನಗರದ ಚಿಕ್ಕ ರಂಗಮಂದಿರದ ಅಳತೆಗೆ ಇಳಿಸಿ. ಮೈಕನ್ನು ನಿರೂಪಕನಿಗೆ ಮಾತ್ರ ಕೊಡಿ, ನಟಿಗೆ ಬೇಡ. ಆಕೆ ಆಮೇಲೆ ಸೇರಿದ ಲಂಡನ್ನಿನ ಇನ್ನೊಂದು ರಂಗಮಂದಿರ ಕೋವೆಂಟ್ ಗಾರ್ಡನ್ 1808ರಲ್ಲಿ ಸುಟ್ಟು, ಮರುವರ್ಷ ಸೆಪ್ಟೆಂಬರ್ 18ರಂದು ಮತ್ತೆ ತೆರೆದಾಗ ಟಿಕೆಟ್ ದರ ಏರಿಸಿದ್ದಕ್ಕೆ ಪ್ರೇಕ್ಷಕರು ಎಬ್ಬಿಸಿದ ಗಲಾಟೆಯಲ್ಲಿ ಸಿಡನ್ಸ್‌ಳ ಮಾತು ಒಂದೂ ಕೇಳಿಸಲಿಲ್ಲ. ಆ ಗಲಾಟೆ ಎರಡು ತಿಂಗಳಿಗೂ ಮೀರಿ ನಡೆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಸಭಾಂಗಣದಲ್ಲಿ ನಾಟಕವಾಡಿದವರಿಗೆ ಆಕೆಯ ಅವಸ್ಥೆ ಚೆನ್ನಾಗಿ ಗೊತ್ತು.

ಆದ್ದರಿಂದ ಮಳೆಗಾಲವನ್ನು ತಾಲೀಮಿಗೆ ಇಟ್ಟುಕೊಳ್ಳಿ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿರುಮಳೆಯ ತಿಂಗಳಲ್ಲಿ, ಸಂಜೆಯಾದರೆ ಜನ ಮನೆಯಲ್ಲೇ ಇರುತ್ತಾರೆ, ನಟಿಗೂ ನಿರೂಪಕನಿಗೂ ಬಿಡುವಿರುತ್ತದೆ. ಮಳೆಯ ಸದ್ದಿನ ಮೇಲೆ ದನಿ ತಲುಪಿಸಲು ಕಲಿತವಳಿಗೆ ಒಣ ಹವೆಯ ಸಭಾಂಗಣ ಕಷ್ಟವಾಗದು. ಪ್ರದರ್ಶನವನ್ನು ಮಡಿಕೇರಿ ದಸರಾ ಮುಗಿದ ಮೇಲೆ, ಸುಗ್ಗಿಯ ಹಬ್ಬವಾದ ಹುತ್ತರಿಗೆ ಮೊದಲು ಇಟ್ಟುಕೊಂಡರೆ ಒಳ್ಳೆಯದು. ಹುತ್ತರಿ ಕಳೆಯಿತೆಂದರೆ ಕಾಫಿ ಕೊಯ್ಲು ಜೋರಾಗುತ್ತದೆ. ತೋಟದವರೂ ಕೆಲಸಗಾರರೂ ಸಂಜೆಯ ಹೊತ್ತಿಗೆ ನಾಟಕ ನೋಡುವ ಸ್ಥಿತಿಯಲ್ಲಿರುವುದಿಲ್ಲ. ನಿಜವಾದ ಮೇಣದಬತ್ತಿ ಬಳಸುವುದಾದರೆ ಬಟ್ಟೆಯ ಪರದೆಗಳಿಂದ ದೂರವಿರಲಿ, ಸೈಡ್‌ವಿಂಗ್‌ನಲ್ಲಿ ಒಬ್ಬರು ನೀರಿನ ಬಕೆಟ್ಟು, ಒದ್ದೆ ಗೋಣಿಯೊಂದಿಗೆ ನಿಂತಿರಲಿ. ಆಕೆ ದುಡಿದ ಎರಡೂ ರಂಗಮಂದಿರಗಳು, 1808ರಲ್ಲಿ ಕೋವೆಂಟ್ ಗಾರ್ಡನ್, 1809ರಲ್ಲಿ ಡ್ರೂರಿ ಲೇನ್, ಬೆಂಕಿಗೆ ಆಹುತಿಯಾದವು. ಆಕೆಯ ಉಡುಪುಗಳೂ ಮೊದಲನೆಯ ಬೆಂಕಿಯಲ್ಲಿ ಹೋದವು.

ಮುಕ್ತಾಯಕ್ಕೆ 1812ರ ಜೂನ್ 29 ತಾನಾಗಿ ಒದಗುತ್ತದೆ. ಕೋವೆಂಟ್ ಗಾರ್ಡನ್‌ನಲ್ಲಿ ಆಕೆಯ ವಿದಾಯದ ಪ್ರದರ್ಶನ, ಪಾತ್ರ ಲೇಡಿ ಮ್ಯಾಕ್‌ಬೆತ್. ನಿದ್ದೆಯಲ್ಲಿ ನಡೆಯುವ ದೃಶ್ಯ ಮುಗಿದೊಡನೆ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ; ಇನ್ನು ನಾಟಕ ಮುಂದುವರಿಯುವುದು ಬೇಡವೆಂದು ಪ್ರೇಕ್ಷಕರು ಪಟ್ಟು ಹಿಡಿದರು, ಪರದೆ ಬಿತ್ತು. ಸ್ವಲ್ಪ ಹೊತ್ತಿನ ನಂತರ ಪರದೆ ಎದ್ದಾಗ ಬಿಳಿಯ ಉಡುಪಿನಲ್ಲಿ ಮೇಜಿನ ಬಳಿ ಕುಳಿತಿದ್ದ ಆಕೆ ಎದ್ದು ಬಂದು, ಸೋದರಿಯ ಮಗ ಹೊರೇಸ್ ಟ್ವಿಸ್ ಬರೆದುಕೊಟ್ಟ ವಿದಾಯದ ಪದ್ಯ ಓದಿದಳು. ಮುಂದೆ ಅಲ್ಲೊಂದು ಇಲ್ಲೊಂದು ಸಹಾಯಾರ್ಥ ಪ್ರದರ್ಶನದಲ್ಲಿ ಕಾಣಿಸಿಕೊಂಡಳು, 1819ರವರೆಗೆ. 1831ರ ಜೂನ್ 8ರಂದು ತೀರಿಕೊಂಡು, ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ಮಣ್ಣಾದಳು. ಆದರೆ ಈ ಸಂಗತಿಗಳನ್ನು ನಿರೂಪಕ ಮೊದಲೇ, ನಿದ್ದೆಯ ನಡಿಗೆಯ ದೃಶ್ಯಕ್ಕೂ ಮುಂಚೆ ಹೇಳಿಬಿಡಬೇಕು. ಹಾಗೆ ಮಾಡಿದರೆ ಕೊನೆಯ ಹದಿನೈದು ನಿಮಿಷ ಪೂರ್ತಿಯಾಗಿ ನಟಿಯದಾಗುತ್ತದೆ: ನಿದ್ದೆಯ ನಡಿಗೆ, ಕೈ ತೊಳೆಯುವುದು, ಪರದೆ ಬೀಳುವುದು, ಮತ್ತೆ ಪರದೆ ಎದ್ದಾಗ ಅದೇ ಬಿಳಿ ಬಟ್ಟೆಯಲ್ಲಿ ಪಾತ್ರ ಕಳಚಿ ಕುಳಿತ ಹೆಂಗಸು. ಟ್ವಿಸ್ ಬರೆದ ಪದ್ಯವನ್ನು ಕನ್ನಡಕ್ಕೆ ತರುವ ಶ್ರಮ ಬೇಡ, ಅದರಲ್ಲಿ ಅಂಥ ಸತ್ವವಿಲ್ಲ. ಅದರ ಬದಲು ನಟಿ ಎದ್ದು ಮುಂದೆ ಬಂದು, ಸಿಡನ್ಸ್ ಮಾಡಿದ ಪಾತ್ರಗಳ ಹೆಸರುಗಳನ್ನು ಒಂದೊಂದಾಗಿ ಹೇಳಲಿ: ಬೆಲ್ವಿಡೆರಾ, ಪೋರ್ಷಿಯಾ, ಹ್ಯಾಮ್ಲೆಟ್, ಇಸಬೆಲ್ಲಾ, ರಾಣಿ ಕ್ಯಾಥರೀನ್, ವೊಲಮ್ನಿಯಾ, ಹರ್ಮಿಯೋನಿ. ಲೇಡಿ ಮ್ಯಾಕ್‌ಬೆತ್ ಹೆಸರನ್ನು ಮತ್ತೆ ಹೇಳಬೇಕಾಗಿಲ್ಲ, ಅದನ್ನು ಜನ ಆಗತಾನೆ ನೋಡಿರುತ್ತಾರೆ.